ಪೆಟ್ಟಿಗೆ ಕಳಿಸುತ್ತಿದ್ದೇನೆ, ಬೆಲೆ ಕೇಳಬೇಡ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮಂಡಿನೋವು ಇದ್ದೇ ಇದೆ, ಅದನ್ನೇನು ಹೊಸದಾಗಿ ಬರೆಯುವುದು. ನೀನು ರೆಕಾರ್ಡ್ ಪ್ಲೇಯರ್ ತಗೊಂಡೆ ಅಂತ ಓದಿ ಎದ್ದು ಕುಣಿಯೋಣ ಅನ್ನಿಸಿತು, ಮಂಡಿ ಬಿಡಲಿಲ್ಲ. ಆಮೇಲೆ ಕೆಳಗಿನ ಸಾಲು ಓದಿದೆ. "ಅತ್ತೆ, ನಿಮ್ಮ ಹತ್ತಿರ ಇರೋದರಲ್ಲಿ ಯಾವುದಕ್ಕೆ ಜಾಸ್ತಿ ಬೆಲೆ?" ಅದಕ್ಕೇ ಈ ಪತ್ರ. ವಾಟ್ಸಾಪಿನಲ್ಲಿ ಬೈದರೆ ನಾಲ್ಕು ಸಾಲಿಗೆ ಮುಗಿದುಹೋಗುತ್ತದೆ, ನನಗೆ ಅಷ್ಟು ಸಾಲದು.

ಸರಿ, ಬೆಲೆಯ ಮಾತು ಮೊದಲೇ ಮುಗಿಸಿಬಿಡೋಣ. ಫ್ರಾಂಕ್ ವಿಲ್ಸನ್ ಅಂತ ಒಬ್ಬ ಇದ್ದ. 1965ರಲ್ಲಿ ಅಮೆರಿಕದ ಡೆಟ್ರಾಯ್ಟ್ ಊರಿನ ಮೋಟೌನ್ ಅನ್ನೋ ರೆಕಾರ್ಡ್ ಕಂಪನಿಗೆ ‘ಡೂ ಐ ಲವ್ ಯೂ’ ಅಂತ ಒಂದು ಹಾಡು ಹಾಡಿದ. ಆಮೇಲೆ ಹಾಡುವುದು ಬಿಟ್ಟು ಬೇರೆಯವರಿಂದ ಹಾಡಿಸುವ ಕೆಲಸ ಹಿಡಿದ. ಒತ್ತಿದ್ದ ರೆಕಾರ್ಡ್ ತಟ್ಟೆಗಳೆಲ್ಲ ಕಸಕ್ಕೆ ಹೋದವು, ಕೈಬೆರಳಲ್ಲಿ ಎಣಿಸುವಷ್ಟು ಉಳಿದವು. ಅದರಲ್ಲಿ ಒಂದು 2009ರಲ್ಲಿ 25,742 ಪೌಂಡಿಗೆ ಹೋಯಿತು. ಹಾಡು ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟು ದುಡ್ಡು ಬಿದ್ದದ್ದು ಅದು ಯಾರ ಹತ್ತಿರವೂ ಇಲ್ಲ ಅನ್ನುವುದಕ್ಕೆ. ನನ್ನ ಹತ್ತಿರವೂ ಇಲ್ಲ, ಹುಡುಕಬೇಡ. ನನ್ನ ಪೆಟ್ಟಿಗೆಯಲ್ಲಿರುವುದೆಲ್ಲ ಲಕ್ಷಗಟ್ಟಲೆ ಒತ್ತಿ ಮಾರಿದ ತಟ್ಟೆಗಳು. ಎಷ್ಟೋ ಸಲ ಯಾರದೋ ಮನೆ ಗ್ಯಾರೇಜಿನ ಮುಂದೆ ಹರಡಿಟ್ಟ ರಾಶಿಯಲ್ಲಿ, ಹಳೆ ಇಸ್ತ್ರಿಪೆಟ್ಟಿಗೆಗೂ ಮಕ್ಕಳ ಬೂಟಿಗೂ ನಡುವೆ ಕೂತು, ಒಂದೊಂದು ಕಾಲು ಡಾಲರ್ ಕೊಟ್ಟು ತಗೊಂಡವು. ಮಾರಲು ಹೋದರೆ ನಿನಗೆ ಒಂದು ಮಸಾಲೆ ದೋಸೆಗೂ ಆಗುವುದಿಲ್ಲ.

ನಾನು ಡೆಟ್ರಾಯ್ಟ್ ಕಡೆಗೆ ಬಂದದ್ದು 1974ರ ಜನವರಿಯಲ್ಲಿ. ನಿಮ್ಮ ಮಾವನಿಗೆ ಕಾರ್ ಕಾರ್ಖಾನೆಯಲ್ಲಿ ಕೆಲಸ. ನನಗೆ ಹಿಮ, ಕಿಟಕಿ ಮತ್ತೆ ಹಿಮ. ಒಂದು ವರ್ಷ ಅತ್ತು ಸಾಕಾದ ಮೇಲೆ ಸ್ಕೂಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ನನ್ನ ಜೊತೆ ಇದ್ದವರು ನನಗಿಂತ ಇಪ್ಪತ್ತು ವರ್ಷ ದೊಡ್ಡ ಹೆಂಗಸು, ಕಪ್ಪು ಜನಾಂಗದವರು, ಆ ಊರಲ್ಲೇ ಬೆಳೆದವರು. ಪಾತ್ರೆ ತೊಳೆಯುವಾಗ ಹಾಡುತ್ತಿದ್ದರು. ನಾನು ಒಂದು ದಿನ ಸುಮ್ನೆ ಆ ರಾಗ ಗುನುಗಿದೆ, ಪದ ಒಂದೂ ಗೊತ್ತಿರಲಿಲ್ಲ. ಮಾರನೇ ದಿನ ಒಂದು ಪೇಪರ್ ಚೀಲದಲ್ಲಿ ‘ಮೈ ಗರ್ಲ್’ ತಂದುಕೊಟ್ಟರು. ನನ್ನ ಮನೆಯಲ್ಲಿ ಪ್ಲೇಯರ್ ಇರಲಿಲ್ಲ. ಮೂರು ತಿಂಗಳು ಅದನ್ನು ಸೀರೆಗಳ ನಡುವೆ ಇಟ್ಟಿದ್ದೆ.

ಮೊದಲು ಅದನ್ನೇ ಹಾಕು. ಟೆಂಪ್ಟೇಷನ್ಸ್ ಅನ್ನೋ ಹಾಡುಗಾರರ ಗುಂಪಿನದು, 1964ರ ಕೊನೆಯಲ್ಲಿ ಬಂದದ್ದು, ನೇರಳೆ ಬಣ್ಣದ ಲೇಬಲ್. ಮುಳ್ಳು ಇಟ್ಟ ತಕ್ಷಣ ಬಾಸ್ ಗಿಟಾರ್ ಒಂದೇ ಬರುತ್ತದೆ, ಎದೆ ಬಡಿದ ಹಾಗೆ. ನುಡಿಸಿದವರು ಜೇಮ್ಸ್ ಜೇಮರ್ಸನ್. ಬಲಗೈಯ ಒಂದೇ ಬೆರಳಲ್ಲಿ ನುಡಿಸುತ್ತಿದ್ದರಂತೆ, ಪೂರಾ ಹಾಡು. ನನಗೆ ಮೈಸೂರಿನಲ್ಲಿ ವೀಣೆ ಹೇಳಿಕೊಟ್ಟ ಮೇಷ್ಟ್ರು ನೋಡಿದ್ದರೆ ಬೆರಳಿಗೆ ಕೋಲಲ್ಲಿ ಕೊಡುತ್ತಿದ್ದರು. ಆಮೇಲೆ ರಾಬರ್ಟ್ ವೈಟ್ ಅವರ ಗಿಟಾರ್ ಮೆಟ್ಟಿಲು ಹತ್ತಿಕೊಂಡು ಬರುತ್ತದೆ. ಹಾಡುಗಾರ ಬಾಯಿ ತೆರೆಯುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಈ ವಾದ್ಯದವರ ಹೆಸರು ವರ್ಷಗಟ್ಟಲೆ ಯಾವ ತಟ್ಟೆಯ ಮೇಲೂ ಹಾಕಲಿಲ್ಲ, ಗೊತ್ತಾ? ಅದಕ್ಕೇ ನಾನು ಹಾಡಿಗರಿಗಿಂತ ಮೊದಲು ಇವರ ಹೆಸರು ಹೇಳುವುದು.

ಮೋಟೌನಿನ ಇಂಥ ಹಾಡುಗಳು ಹುಟ್ಟಿದ್ದು ವೆಸ್ಟ್ ಗ್ರಾಂಡ್ ಬುಲೆವಾರ್ಡ್ ಅನ್ನೋ ರಸ್ತೆಯ 2648ನೇ ನಂಬರ್ ಮನೆಯಲ್ಲಿ. ಮನೆಯೇ. ಬೆರ್ರಿ ಗಾರ್ಡಿ ಅನ್ನುವವರು ಕಾರ್ ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ಕೆಲಸ ಮಾಡಿದ್ದವರು, 1959ರಲ್ಲಿ ಮನೆಯವರ ಹತ್ತಿರ 800 ಡಾಲರ್ ಸಾಲ ತಗೊಂಡು ಕಂಪನಿ ಶುರು ಮಾಡಿದರು. ನಾನು ಬರುವ ಹೊತ್ತಿಗೆ ಕಂಪನಿ ಲಾಸ್ ಏಂಜಲೀಸಿಗೆ ಹೋಗಿಯಾಗಿತ್ತು, 1972ರಲ್ಲೇ. ಈಗ ಅದು ಮ್ಯೂಸಿಯಂ. ಊರಿಂದ ಯಾರಾದರೂ ಬಂದರೆ ಉಳಿದವರು ನಯಾಗರಾ ತೋರಿಸುತ್ತಾರೆ, ನಾನು ಈ ಮನೆ ತೋರಿಸುತ್ತೇನೆ. ನಿಮ್ಮಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಸ್ಟುಡಿಯೋ ನೋಡಿ "ಇಷ್ಟೇನಾ? ನಮ್ಮ ಚಾಮರಾಜಪುರಂ ಮನೆ ಹಜಾರ ಇದಕ್ಕಿಂತ ದೊಡ್ಡದಿತ್ತಲ್ಲೇ" ಅಂದ. ನಿಜವೇ. ಅಷ್ಟು ಸಣ್ಣ ಜಾಗದಲ್ಲಿ ಕೈಗೆ ಸಿಕ್ಕಿದ್ದೆಲ್ಲ ವಾದ್ಯ. ಮಾರ್ಥಾ ಮತ್ತು ವ್ಯಾಂಡೆಲ್ಲಾಸ್ ಅವರ ‘ನೋವೇರ್ ಟು ರನ್’ನಲ್ಲಿ ಝಲ್ ಝಲ್ ಅಂತ ಬಡಿಯುತ್ತಲ್ಲ, ಅದು ಹಿಮದಲ್ಲಿ ಕಾರ್ ಜಾರದ ಹಾಗೆ ಚಕ್ರಕ್ಕೆ ಕಟ್ಟುವ ಸರಪಳಿ. ಆ ಸರಪಳಿ ಕಟ್ಟಿ ಕಟ್ಟಿ ನಿಮ್ಮ ಮಾವನ ಬೆರಳು ಮರಗಟ್ಟುತ್ತಿದ್ದವು, ನಾನು ಒಳಗೆ ಕೂತು ಅದನ್ನೇ ಹಾಡಿನಲ್ಲಿ ಕೇಳಿ ಖುಷಿಪಡುತ್ತಿದ್ದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡ ದೊಡ್ಡ ಸ್ಪೀಕರ್ ತಗೋಬೇಡ. ಮೋಟೌನಿನವರು ಹಾಡು ತಯಾರಾದ ಮೇಲೆ ಕಾರ್ ರೇಡಿಯೋದಲ್ಲಿರುವಂಥ ಪುಟ್ಟ ಸ್ಪೀಕರಿನಲ್ಲಿ ಹಾಕಿ ಕೇಳುತ್ತಿದ್ದರು. ಅದರಲ್ಲಿ ಚೆನ್ನಾಗಿ ಕೇಳಿಸಬೇಕು, ಅಷ್ಟೇ. ಹುಡುಗರು ಕೇಳುತ್ತಿದ್ದದ್ದು ಕಾರಿನಲ್ಲಿ ತಾನೇ. ದುಡ್ಡಿದ್ದರೆ ಒಳ್ಳೆ ಮುಳ್ಳಿಗೆ ಹಾಕು. ಸವೆದ ಮುಳ್ಳು ಒಂದೇ ರಾತ್ರಿಯಲ್ಲಿ ಐವತ್ತು ವರ್ಷದ ತಟ್ಟೆಯನ್ನು ಕೆರೆದುಹಾಕುತ್ತದೆ. ಅದರಲ್ಲೂ ಕೆಲವು ಕಂಪನಿಯವರು ವೈನಿಲ್ ಬದಲು ಸ್ಟೈರೀನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸಿಂಗಲ್ (ಒಂದೊಂದು ಮುಖಕ್ಕೆ ಒಂದೇ ಹಾಡಿರುವ ಪುಟ್ಟ ತಟ್ಟೆ) ಮಾಡುತ್ತಿದ್ದರು, ಅದು ಬಾಗುವುದಿಲ್ಲ, ಪಟಕ್ಕನೆ ಮುರಿಯುತ್ತದೆ, ಬೇಗ ಸವೆಯುತ್ತದೆ. ಬಗ್ಗಿಸಿ ನೋಡುವ ಚಪಲ ಬೇಡ. ಸಿಂಗಲ್ಲಿನ ನಡುವಿನ ತೂತು ದೊಡ್ಡದು, ಒಂದೂವರೆ ಇಂಚು. ಅದಕ್ಕೆ ಹಳದಿ ಪ್ಲಾಸ್ಟಿಕ್ ಬಿಲ್ಲೆ ಹತ್ತು ಇಟ್ಟಿದ್ದೇನೆ. ಸ್ಪೀಡು 45ಕ್ಕೆ ಇಡು, ಅಂದರೆ ನಿಮಿಷಕ್ಕೆ 45 ಸುತ್ತು. ಮೊದಲ ದಿನ ನಾನು 33ರಲ್ಲಿ ಹಾಕಿ, ಇವರಿಗೆಲ್ಲ ಜ್ವರ ಬಂದಿದೆಯಾ ಅಂದುಕೊಂಡಿದ್ದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಟ್ಟೆ ತಿರುಗಿಸು. ನಿಮ್ಮ ಕಾಲದವರಿಗೆ ಹಾಡು ನಲ್ಲಿ ನೀರಿನ ಹಾಗೆ ಹರಿದು ಬರುತ್ತದೆ, ಏಳುವ ಕೆಲಸವೇ ಇಲ್ಲ. ಇಲ್ಲಿ ಎರಡೂವರೆ ನಿಮಿಷಕ್ಕೊಮ್ಮೆ ಏಳಬೇಕು. ಏಳು. ಹಿಂದಿನ ಮುಖದಲ್ಲಿ ಏನಿದೆ ಅಂತ ನೋಡು. ಕಂಪನಿಯವರು ಯಾವುದನ್ನು ಮುಂದೆ ಇಟ್ಟರೋ ಅದೇ ದೊಡ್ಡದು ಅಂತ ಏನಿಲ್ಲ.

ಮೆಂಫಿಸ್ ಊರಿನಲ್ಲಿ ಸ್ಟ್ಯಾಕ್ಸ್ ಅಂತ ಇನ್ನೊಂದು ಕಂಪನಿ. ಹಳೇ ಟಾಕೀಸನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು, ಇಳಿಜಾರು ನೆಲ ಹಾಗೇ ಇತ್ತು, ಮುಂಭಾಗದಲ್ಲಿ ತಟ್ಟೆ ಮಾರುವ ಅಂಗಡಿ. 1962ರಲ್ಲಿ ಒಂದು ದಿನ ವಾದ್ಯದವರು ಸುಮ್ನೆ ಕೂತು ನುಡಿಸಿದ್ದನ್ನು ರೆಕಾರ್ಡ್ ಮಾಡಿದರು. ಹಿಂದಿನ ಮುಖಕ್ಕೆ ಏನಾದರೂ ಬೇಕಲ್ಲ ಅಂತ ಇನ್ನೊಂದು ನುಡಿಸಿದರು. ಅದೇ ‘ಗ್ರೀನ್ ಆನಿಯನ್ಸ್’. ಆರ್ಗನ್ ನುಡಿಸಿದ ಬೂಕರ್ ಟಿ. ಜೋನ್ಸ್‌ಗೆ ಆಗ 17 ವರ್ಷ. ಮುಂದಿನ ಮುಖದಲ್ಲಿ ಏನಿತ್ತು ಅಂತ ಈಗ ಯಾರಿಗೂ ನೆನಪಿಲ್ಲ. ಇದೇ ಬೂಕರ್ ಟಿ. 1971ರಲ್ಲಿ ಬಿಲ್ ವಿದರ್ಸ್ ಅನ್ನುವವರಿಂದ ಹಾಡಿಸಿದರು. ವಿದರ್ಸ್ ಆಗ ವಿಮಾನಕ್ಕೆ ಕಕ್ಕಸು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ‘ಎಯ್ನ್ಟ್ ನೋ ಸನ್‌ಶೈನ್’ ಮೊದಲು ಬಂದದ್ದು ಹಿಂದಿನ ಮುಖದಲ್ಲೇ. ಅದರ ನಡುವೆ ಒಂದೇ ಮಾತನ್ನು 26 ಸಲ ಹೇಳುತ್ತಾರೆ. ಅಲ್ಲಿ ಬೇರೆ ಸಾಲು ಬರೆಯೋಣ ಅಂದುಕೊಂಡಿದ್ದರು, ಜೊತೆಯವರು ಬೇಡ, ಹೀಗೇ ಇರಲಿ ಅಂದರು. ನೀನು ಎಣಿಸುತ್ತೀಯ ಅಂತ ಗೊತ್ತು, ಎಣಿಸು.

ಆದರೆ ಹಿಂದಿನ ಮುಖದ ಮಾತು ಬಂದರೆ ನನಗೆ ಸ್ಯಾಮ್ ಕುಕ್ ಬಿಟ್ಟು ಬೇರೆ ನೆನಪಾಗುವುದಿಲ್ಲ. 1963ರ ಅಕ್ಟೋಬರಿನಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್ ಊರಲ್ಲಿ ಅವರು ಮೊದಲೇ ರೂಮು ಹೇಳಿಟ್ಟಿದ್ದ ಮೋಟೆಲಿನಲ್ಲಿ, ಹೆಂಡತಿ ಜೊತೆಗೆ ಹೋಗಿ ನಿಂತಾಗ, ಕಪ್ಪು ಬಣ್ಣ ನೋಡಿ ರೂಮು ಇಲ್ಲ ಅಂದರು. ಸುಮ್ಮನೆ ಹೋಗಲಿಲ್ಲ, ಜಗಳ ಆಡಿದರು, ಪೊಲೀಸರು ಹಿಡಿದುಕೊಂಡು ಹೋದರು. ರೇಡಿಯೋದಲ್ಲಿ ಅಷ್ಟು ಹೆಸರಿದ್ದ ಹಾಡುಗಾರನಿಗೆ ಹೀಗೆ. ಅದಾದ ಮೇಲೆ ಬರೆದದ್ದು ‘ಎ ಚೇಂಜ್ ಈಸ್ ಗಾನ ಕಮ್’. 1964ರ ಡಿಸೆಂಬರ್ 11ಕ್ಕೆ ಅವರು ಗುಂಡೇಟಿಗೆ ಸತ್ತರು, ಆ ತಿಂಗಳ ಕೊನೆಗೆ ಸಿಂಗಲ್ ಬಂತು. ಮುಂದಿನ ಮುಖದಲ್ಲಿ ‘ಶೇಕ್’ ಅನ್ನೋ ಕುಣಿತದ ಹಾಡು. ಇದು ಹಿಂದೆ. ಅದೂ ಪೂರ್ತಿ ಇಲ್ಲ. ಇಲ್ಲಿ ಸುಳಿದಾಡಬೇಡ ಅಂತ ಅನ್ನಿಸಿಕೊಳ್ಳುವ ಒಂದು ಚರಣವನ್ನೇ ಸಿಂಗಲಿನಲ್ಲಿ ಕತ್ತರಿಸಿದ್ದರು. ಈ ತಟ್ಟೆ ಕೇಳಿದ ಮೇಲೆ ಪೂರ್ತಿ ಹಾಡು ಫೋನಿನಲ್ಲಿ ಹುಡುಕಿ ಕೇಳು, ಯಾವ ಚರಣ ಇಲ್ಲ ಅಂತ ನೋಡು. ನಮ್ಮ ಊರಿನಲ್ಲೂ ಯಾರನ್ನು ಜಗಲಿಯಲ್ಲೇ ನಿಲ್ಲಿಸುತ್ತಿದ್ದೆವು ಅನ್ನುವುದು ನನಗೆ ಹೊಳೆದದ್ದು ಈ ದೇಶಕ್ಕೆ ಬಂದು ಈ ಹಾಡು ಕೇಳಿದ ಮೇಲೆ. ಮನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ನಿನ್ನ ಮದುವೆ ವಿಷಯಕ್ಕೆ ನಾನು ಬಾಯಿ ಹಾಕುವುದಿಲ್ಲ ಅಂತ ನಿಮ್ಮಮ್ಮನಿಗೆ ಮಾತು ಕೊಟ್ಟಿದ್ದೇನೆ. ಆದರೂ ಪೆಟ್ಟಿಗೆಯಲ್ಲಿ ಎರಡು ‘ರೆಸ್ಪೆಕ್ಟ್’ ಇಟ್ಟಿದ್ದೇನೆ. ಒಂದು ಓಟಿಸ್ ರೆಡಿಂಗ್ ಅವರದು, 1965. ಅವರೇ ಬರೆದದ್ದು. ದುಡಿದು ಮನೆಗೆ ಬಂದ ಗಂಡಸು, ನನಗೆ ಮರ್ಯಾದೆ ಕೊಡು ಅಂತಾನೆ. ಇನ್ನೊಂದು ಅರೀಥಾ ಫ್ರಾಂಕ್ಲಿನ್ ಅವರದು, 1967. ಡೆಟ್ರಾಯ್ಟಿನಲ್ಲಿ ಪಾದ್ರಿಯ ಮಗಳಾಗಿ ಚರ್ಚಿನಲ್ಲಿ ಹಾಡಿ ಬೆಳೆದವರು. ಅದೇ ಹಾಡು, ಈಗ ಕೇಳುವವಳು ಹೆಂಗಸು. ಒಂದೊಂದು ಅಕ್ಷರ ಬಿಡಿಸಿ ಹೇಳುತ್ತಾರೆ, ಮಗ್ಗಿ ಒಪ್ಪಿಸದ ಹುಡುಗನಿಗೆ ಹೇಳಿದ ಹಾಗೆ. ಆ ಭಾಗ ರೆಡಿಂಗ್ ಹಾಡಿನಲ್ಲಿ ಇರಲೇ ಇಲ್ಲ. ಹುಡುಗ ಯಾರಾದರೂ ಮನೆಗೆ ಬಂದರೆ ಎರಡನ್ನೂ ಒಂದರ ಹಿಂದೆ ಒಂದು ಹಾಕು. ಯಾವುದಕ್ಕೆ ತಲೆ ಆಡಿಸುತ್ತಾನೆ ನೋಡಿಕೋ. ನಾನು ಇಷ್ಟೇ ಹೇಳುವುದು.

ತಟ್ಟೆಯನ್ನು ಯಾರಿಗೂ ಎರವಲು ಕೊಡಬೇಡ. ಮೇರಿ ವೆಲ್ಸ್ ಅವರ ‘ಮೈ ಗೈ’ ಒಬ್ಬರು ಎರಡು ದಿನಕ್ಕೆ ಅಂತ 1981ರಲ್ಲಿ ತಗೊಂಡು ಹೋದರು. ಈಗಲೂ ಕನ್ನಡ ಕೂಟದ ಯುಗಾದಿ ಊಟಕ್ಕೆ ಸಿಗುತ್ತಾರೆ, ಒಬ್ಬಟ್ಟಿಗೆ ತುಪ್ಪ ಬಡಿಸುತ್ತಾರೆ, ಆ ಮಾತು ಮಾತ್ರ ಎತ್ತುವುದಿಲ್ಲ. ನಾನೂ ಎತ್ತಿಲ್ಲ. ಹಾಗಂತ ಬೀರುವಿನಲ್ಲಿ ಬೀಗ ಹಾಕಿಯೂ ಇಡಬೇಡ. ಹಾಡು ಬೇಕು ಅಂದವರನ್ನು ಮನೆಗೇ ಕರಿ. ಕಾಫಿ ಮಾಡು. ಬಂದವರು ಒಬ್ಬೊಬ್ಬರೂ ಒಂದೊಂದು ತಟ್ಟೆ ಆರಿಸಲಿ, ಲೇಬಲ್ ಬಣ್ಣ ನೋಡಿ ಆರಿಸಿದರೂ ಸರಿ. ಹಾಡು ನಡೆಯುತ್ತಿರುವಾಗ ಇದು ಯಾವ ವರ್ಷ, ಡ್ರಮ್ಸ್ ಯಾರು ಅಂತ ಪಾಠ ಮಾಡಬೇಡ. ನಾನು ಮಾಡುತ್ತಿದ್ದೆ. ನಿಮ್ಮ ಮಾವ ಎದ್ದು ಹೊರಗೆ ಹೋಗುತ್ತಿದ್ದರು.

ಕೆಲವು ಲೇಬಲ್ ಮೇಲೆ ಪೆನ್ನಿನಲ್ಲಿ ಹೆಸರು ಬರೆದಿದೆ. ಹುಡುಗಿಯರು ಪಾರ್ಟಿಗೆ ತಟ್ಟೆ ಒಯ್ಯುವಾಗ ಅದಲುಬದಲು ಆಗದಿರಲಿ ಅಂತ ಬರೆಯುತ್ತಿದ್ದರು, ನಾವು ಮದುವೆ ಮನೆಗೆ ಕೊಟ್ಟ ಪಾತ್ರೆಗೆ ಹೆಸರು ಹಾಕಿಸುತ್ತಿದ್ದೆವಲ್ಲ, ಹಾಗೆ. ವ್ಯಾಪಾರದವರು ಇದಕ್ಕೆ ಬೆಲೆ ಇಳಿಸುತ್ತಾರೆ. ನೀನು ಅಳಿಸಲು ಹೋಗಬೇಡ.

ಒಂದು ತಟ್ಟೆ ಮಾತ್ರ ಕಳಿಸುತ್ತಿಲ್ಲ, ಹುಡುಕಿ ಬೇಜಾರು ಮಾಡಿಕೊಳ್ಳಬೇಡ. ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’, 1971. ಮೋಟೌನ್ ಕಂಪನಿಯ ಯಜಮಾನರಿಗೇ ಇಷ್ಟ ಇರಲಿಲ್ಲ, ಇದು ಓಡುವುದಿಲ್ಲ ಅಂದಿದ್ದರು, ಬಂದ ಮೇಲೆ ಹುಚ್ಚು ಓಟ ಓಡಿತು. ಅಡುಗೆಮನೆಯ ಆ ಹೆಂಗಸು ಕೆಲಸ ಬಿಡುವ ದಿನ ನನಗೆ ಕೊಟ್ಟರು. 1967ರ ಜುಲೈನಲ್ಲಿ ಡೆಟ್ರಾಯ್ಟಿನಲ್ಲಿ ಗಲಭೆ ಆಗಿ 43 ಜನ ಸತ್ತರಲ್ಲ, ಅವರ ಮನೆ ಆ ಕಡೆಯೇ. ಅದರ ಬಗ್ಗೆ ಅವರು ಹೇಳಿದ್ದು ಇಷ್ಟೇ, "ಆಮೇಲೆ ಹಾಲು ತರಲು ಎರಡು ಬಸ್ ಹತ್ತಬೇಕಾಯಿತು." ಲೇಬಲ್ ಮೇಲೆ ಅವರ ಹೆಸರಿದೆ. ಹಂಚಿಕೋ ಅಂತ ನಿನಗೆ ಬುದ್ಧಿ ಹೇಳಿ ಇದನ್ನು ನಾನೇ ಬಚ್ಚಿಟ್ಟುಕೊಂಡಿದ್ದೇನೆ ಅಂತ ನಗು, ಪರವಾಗಿಲ್ಲ. ನನಗೆ ಇನ್ನೂ ಅದನ್ನು ಕೇಳುವುದಿದೆ. ನೀನೇ ಇಲ್ಲಿಗೆ ಬಾ, ಕೇಳಿಸುತ್ತೇನೆ.

ಒಟ್ಟು ನಲವತ್ತು ತಟ್ಟೆ. ನಮ್ಮ ಪರಿಚಯದವರೊಬ್ಬರು ಮಗಳ ಮದುವೆಗೆ ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತಿದ್ದಾರೆ, ಕೈಚೀಲದಲ್ಲೇ ತರುತ್ತೇನೆ ಅಂದಿದ್ದಾರೆ. ನೀನೇ ಹೋಗಿ ಇಸ್ಕೋ. ಮೈಸೂರಿಗೆ ರೈಲಿನಲ್ಲಿ ತಗೊಂಡು ಹೋಗು, ತೊಡೆ ಮೇಲೆ ಇಟ್ಟುಕೋ. ಮನೆಯಲ್ಲಿ ನೆಟ್ಟಗೆ ನಿಲ್ಲಿಸಿಡು, ಬಿಸಿಲು ಬೀಳುವ ಕಿಟಕಿ ಹತ್ತಿರ ಬೇಡ. ನಿಮ್ಮಪ್ಪನನ್ನು ಮಾತ್ರ ಕಳಿಸಬೇಡ. ಅವನು ಸ್ಕೂಟರಿನ ಮುಂದೆ ಕಾಲಿನ ನಡುವೆ ಇಟ್ಟುಕೊಂಡು, ಅದರ ಮೇಲೆ ಒಂದು ಹಲಸಿನಹಣ್ಣು ಬೇರೆ ಇಟ್ಟುಕೊಂಡು ಬರುತ್ತಾನೆ.

ಇಂತಿ ನಿನ್ನ
ಅತ್ತೆ