ಬೆಕ್ಕಿನ ಕಣ್ಣಿನ ವಿಷಯ

ಮಾರಾಯ,

ಫೋನು ಮಾಡಿದರೆ ನೀನು ಯಾವುದೋ ಹಳೇ ಕತೆಯಿಂದಲೇ ಶುರು ಮಾಡುತ್ತೀಯ. ಅದಕ್ಕೇ ಬರೆದು, ನಾಲ್ಕು ಜನರ ಎದುರಿಗೆ ಹಾಕುತ್ತಿದ್ದೇನೆ. ಜನ ಇದ್ದರೆ ನಿನಗೆ ಸ್ವಲ್ಪ ಮರ್ಯಾದೆ ಬರುತ್ತದೆ, ಅಲ್ವಾ?

ಫೋಟೋ ನೋಡಿ "ಲೆನ್ಸ್ ಹಾಕಿದ್ದೀಯಾ" ಅಂತ ಕೇಳಿದೆಯಲ್ಲ. ಇಲ್ಲ. ಅಡಿಕೆ ಒಣಗಿಸುವ ಹೊತ್ತಿಗೆ ಜ್ವರ, ಕಫ ಅಂತ ಮಲಗಿದ್ದೆ. ಮಾಕ್ಸಿಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ಕೊಟ್ಟರು. ಜ್ವರ ಬಿಟ್ಟಿತು, ಕಣ್ಣು ಕೆಂಪಾಯಿತು. ಅಂಗಳದ ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಕೆಂಪು ಇಳಿದ ಮೇಲೆ ಕನ್ನಡಿ ನೋಡಿದರೆ ಎರಡೂ ಕಣ್ಣಿನ ಕಂದು ಬಣ್ಣ ಮಾಸಿ ಬೂದು ಬಣ್ಣವಾಗಿದೆ!

ಮಂಗಳೂರಿನ ಕಣ್ಣಿನ ಡಾಕ್ಟರು ಯಂತ್ರದ ಮೇಲೆ ಗಲ್ಲ ಇಡಿಸಿ ನೋಡಿದರು. ಐರಿಸ್‌ನ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಬಳೆಯ, ಬಣ್ಣದ ಕಣಗಳು ಉದುರಿ ಕಣ್ಣೊಳಗಿನ ನೀರಿನಲ್ಲಿ ತೇಲುತ್ತಿದ್ದವಂತೆ. 2006ರಲ್ಲಿ ಟರ್ಕಿಯ ವೈದ್ಯರು ಈ ಕಾಯಿಲೆಯನ್ನು ಮೊದಲು ವಿವರಿಸಿದರಂತೆ. ಮಾತ್ರೆಯಿಂದಲೋ, ಅದಕ್ಕೆ ಮೊದಲಿನ ವೈರಸ್ಸಿನಿಂದಲೋ, ಖಂಡಿತ ಹೇಳುವಂತಿಲ್ಲ; ಆ ಮಾತ್ರೆ ಮುಟ್ಟದವರಿಗೂ ಬಂದದ್ದುಂಟು. ಹೆಂಗಸರಿಗೇ ಜಾಸ್ತಿಯಂತೆ. ಇದನ್ನು ನಮ್ಮ ಗ್ರೂಪಿಗೆ ಹಾಕಿದರೆ ನೋಡು! ಉದುರಿದ ಬಣ್ಣ ನೀರು ಹೊರಹೋಗುವ ದಾರಿಗೆ ಅಡ್ಡ ಕೂತರೆ ಕಣ್ಣಿನ ಒತ್ತಡ ಏರಬಹುದು, ಹಾಗಾಗಿ ಆಗಾಗ ಅಳೆಸಬೇಕು. ದೃಷ್ಟಿಗೇನೂ ಆಗಿಲ್ಲ, ಹೆದರಬೇಡ.

ವಿಷಯ ಅದಲ್ಲ. ಬದಿಯಡ್ಕ ಬಸ್ಸಿನ ಕಂಡಕ್ಟರ್ ಈಗ "ಪೂಚ್ಚಕ್ಕಣ್ಣಾ" (ಮಲಯಾಳದಲ್ಲಿ ಬೆಕ್ಕಿನ ಕಣ್ಣಿನವನೇ) ಅಂತ ನಗುತ್ತಾ ಚಿಲ್ಲರೆ ಕೊಡುತ್ತಾನೆ. ಯಾವತ್ತೂ ತಲೆ ಎತ್ತದ ಹಿಂದಿನ ಬೆಂಚಿನ ಹುಡುಗ, ನೋಟ್ಸ್ ತೋರಿಸುವ ನೆಪದಲ್ಲಿ ಬಂದು, ಮೂಗು ತಾಗುವಷ್ಟು ಹತ್ತಿರ ಬಗ್ಗಿ, "ಸರ್, ಚಂದ ಉಂಟು" ಅಂದ. ಇಷ್ಟು ವರ್ಷ ಈ ಮುಖವನ್ನು ಯಾರು ಎರಡು ಸಲ ನೋಡಿದ್ದರು ಹೇಳು?

ಕಳೆದ ಸಲ ಡಾಕ್ಟರು, ಕೆಲವರಿಗೆ ಬಣ್ಣ ನಿಧಾನಕ್ಕೆ ವಾಪಸು ಬರುತ್ತದೆ ಅಂದರು. ಅಮ್ಮ ಅಲ್ಲೇ ಕೈ ಮುಗಿದಳು. ನನಗೆ ಬೇಸರವಾಯಿತು ಮಾರಾಯ. ನಿಜವಾಗಿ. ವಾಪಸು ಬರುವಾಗ ತಲಪಾಡಿ ದಾಟಿದರೂ ಬಾಯಿ ಬಿಡಲಿಲ್ಲ. ಪಾಪ, ನಾನು ಹೆದರಿದ್ದೇನೆ ಅಂತ ಅಮ್ಮ ಕುಂಬಳೆವರೆಗೂ ಕೈ ಹಿಡಿದೇ ಕೂತಿದ್ದಳು. ನಾನೋ, ಗುಣವಾಗದಿದ್ದರೆ ಸಾಕು ಅಂತ ಲೆಕ್ಕ ಹಾಕುತ್ತಿದ್ದೆ. ಕಾಯಿಲೆ ಹೋದರೆ ಮತ್ತೆ ಯಾರೂ ಹತ್ತಿರ ಬಗ್ಗಿ ನೋಡುವುದಿಲ್ಲವಲ್ಲ.

ಇಷ್ಟು ಬರೆಯುವ ಅಂದಾಜಿರಲಿಲ್ಲ. ಓದಿದವರು ಸುಮ್ನೆ ಒಂದು ಲೈಕ್ ಒತ್ತಿ ಮುಂದೆ ಹೋಗಿ.

ನೀನು ಮಾತ್ರ ಬಣ್ಣ ವಾಪಸು ಬರುವುದರೊಳಗೆ ಕ್ಯಾಮೆರಾ ಹಿಡಿದು ಊರಿಗೆ ಬಾ. ಜಾತಕದ ಜೊತೆ ಕೊಡುವ ಫೋಟೋ ಬದಲಿಸಬೇಕು. ಹಳೆಯದು ನೀನೇ ತೆಗೆದದ್ದು, ಅದರ ಫಲ ಇಡೀ ಊರಿಗೆ ಗೊತ್ತುಂಟು.

ನಿನ್ನ,
ಪೂಚ್ಚಕ್ಕಣ್ಣ