ಭಾನುವಾರದ ಸ್ಪಿನ್ನಿಂಗ್ ಕ್ಲಾಸ್‌ಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸ್ಪಿನ್ನಿಂಗ್ ಅಂದರೆ ಒಳಾಂಗಣದಲ್ಲಿ ನಿಂತಲ್ಲೇ ಇರುವ ಸೈಕಲ್ (ಸ್ಪಿನ್ ಬೈಕ್) ತುಳಿಯುವ ವ್ಯಾಯಾಮ. ಹದಿನೈದು ನಿಮಿಷ ಮುಂಚೆಯೇ ಬನ್ನಿ, ಸೀಟು ಹೊಂದಿಸಿಕೊಳ್ಳಬೇಕು. ಪಕ್ಕದಲ್ಲಿ ನಿಂತಾಗ ಅದು ಸೊಂಟದ ಮೂಳೆಯ ಎತ್ತರಕ್ಕಿರಲಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಸ್ವಲ್ಪ ಬಾಗಿರಬೇಕು.

ಇದನ್ನು ದಯವಿಟ್ಟು ಎಲ್ಲರೂ ಓದಿ: ಹೆಚ್ಚಿನ ಸ್ಪಿನ್ ಬೈಕ್‌ಗಳಲ್ಲಿ ಫ್ರೀವೀಲ್ (ಚಕ್ರ ತಿರುಗುತ್ತಿದ್ದರೂ ಪೆಡಲ್ ನಿಲ್ಲಲು ಬಿಡುವ ಭಾಗ) ಇರುವುದಿಲ್ಲ. ನೀವು ತುಳಿಯುವುದನ್ನು ಬಿಟ್ಟರೂ ಭಾರದ ಚಕ್ರ ಪೆಡಲನ್ನು ತಿರುಗಿಸುತ್ತಲೇ ಇರುತ್ತದೆ. ಸೈಕಲ್‌ನಲ್ಲಿ ಜೋಗಿಮಟ್ಟಿ ಬೆಟ್ಟ ಇಳಿಯುವಾಗಿನ ಹಾಗೆ ಸುಮ್ನೆ ಕಾಲು ನಿಲ್ಲಿಸಬೇಡಿ, ಮಂಡಿಗೆ ಪೆಟ್ಟಾಗಬಹುದು. ಚಕ್ರದ ಬಿಗಿ (ರೆಸಿಸ್ಟೆನ್ಸ್) ಹೆಚ್ಚಿಸುತ್ತಾ ನಿಧಾನ ಮಾಡಿ. ತುರ್ತಾಗಿ ನಿಲ್ಲಿಸುವುದು ಹೇಗೆ ಅಂತ ಹತ್ತುವ ಮೊದಲೇ ತರಬೇತುದಾರರನ್ನು ಕೇಳಿಕೊಳ್ಳಿ.

ನಮ್ಮ ಚಿತ್ರದುರ್ಗದ ಗಾಳಿ ಒಳಗೆ ಸಿಗುವುದಿಲ್ಲ, ಅಲ್ವಾ? ಬೆವರು ಜಾಸ್ತಿ. ಟವೆಲ್, ನೀರು ಮರೆಯಬೇಡಿ. ಪ್ಯಾಡ್ ಇರುವ ಶಾರ್ಟ್ಸ್ ಒಳ್ಳೆಯದು. ಮಂಡಿ, ಬೆನ್ನು ನೋವಿರುವವರು ಮೊದಲೇ ಹೇಳಿಬಿಡಿ.