ಗಲ್ಫ್ ಪೆಟ್ಟಿಗೆಯೊಳಗೆ ಬಾರದ ಕಥೆ

ಮಾನ್ಯ ಸಂಪಾದಕರೇ,

ವಲಸೆ ಹೋದವರ ಪುಸ್ತಕ ಅಂದರೆ ನಮಗೆ ಮೊದಲು ನೆನಪಾಗುವುದು ಅಮೆರಿಕ. ಸಾಫ್ಟ್‌ವೇರ್ ಕೆಲಸ, ಹಿಮ, ಇಂಡಿಯನ್ ಸ್ಟೋರಿನ ಕರಿಬೇವು. ಆದರೆ ನಮ್ಮ ಕರಾವಳಿಯ ಎಷ್ಟೋ ಮನೆಗಳಿಂದ ಜನ ಹೋಗಿರುವುದು ಗಲ್ಫ್‌ಗೆ ಅಲ್ವಾ?

2008ರಲ್ಲಿ ಮಲಯಾಳಂನಲ್ಲಿ ಬಂದ ಬೆನ್ಯಾಮಿನ್ ಅವರ ‘ಆಡುಜೀವಿತಂ’ ಕಾದಂಬರಿಯನ್ನು ಈಚೆಗೆ ಓದಿದೆ. ಸೌದಿಗೆ ಹೋದ ನಜೀಬ್ ಮರುಭೂಮಿಯ ಆಡಿನ ದೊಡ್ಡಿಯಲ್ಲಿ ಸಿಕ್ಕಿಬೀಳುತ್ತಾನೆ. ಶೌಚಕ್ಕೆ ಹೋಗಿ ತೊಳೆಯಲು ನೀರು ಮುಟ್ಟಿದ್ದಕ್ಕೆ ಬೆಲ್ಟಿನ ಏಟು ಬೀಳುತ್ತದೆ. ಊರಲ್ಲಿ ಹೊಳೆಗಿಳಿದು ಮರಳು ತೆಗೆಯುತ್ತಿದ್ದ ಮನುಷ್ಯ ಅವನು! ಆ ಪುಟದಲ್ಲಿ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ನಮ್ಮ ಮಾವ 12 ವರ್ಷ ಸೌದಿಯ ದಮಾಮ್‌ನಲ್ಲಿದ್ದರು. ಬಂದಾಗಲೆಲ್ಲ ಟ್ಯಾಂಗ್ ಡಬ್ಬಿ, ಸೆಂಟಿನ ಬಾಟಲಿ ಹಂಚುತ್ತಿದ್ದರು. ಅಲ್ಲಿ ಎಲ್ಲಿ ಮಲಗುತ್ತಿದ್ದಿರಿ ಎಂದು ನಾವ್ಯಾರೂ ಕೇಳಿರಲಿಲ್ಲ. ಈ ಸಲ ಕೇಳಿದೆ. “ಒಂದು ರೂಮಿಗೆ 11 ಜನ. ಎಸಿ ಮಾತ್ರ ಇತ್ತು ಮಾರಾಯ” ಎಂದು ನಕ್ಕರು. ಪಾಸ್‌ಪೋರ್ಟ್ ಮಾಲೀಕನ ಹತ್ತಿರವೇ ಇರುತ್ತಿತ್ತಂತೆ.

ನಮ್ಮೂರ ಲೈಬ್ರರಿಯಲ್ಲಿ ವಿದೇಶ ಪ್ರವಾಸ ಕಥನಗಳಿಗೇ ಒಂದು ಕಪಾಟಿದೆ. ಗಲ್ಫ್ ಕೆಲಸಗಾರರ ಬಗ್ಗೆ ಹುಡುಕಿದರೆ ಒಂದೂ ಸಿಗಲಿಲ್ಲ. ನಾನು ಓದಿದ್ದು ಗೆಳೆಯನ ಪ್ರತಿ. ಲೈಬ್ರರಿಗೆ ಪುಸ್ತಕ ಕೊಳ್ಳುವವರು ಮುಂದಿನ ಸಲ ಇಂಥ ನಾಲ್ಕು ಪುಸ್ತಕ ತರಿಸಲಿ. ಮಾವನಂಥವರೂ ತಮ್ಮ ಕಥೆ ಬರೆದರೆ ಓದಲು ನಾವಿದ್ದೇವೆ.

– ಓದುಗ, ಉಡುಪಿ